ಒಂದೇ ಮುಖದ ಎರಡು ಬದಿ: ಕೊಟ್ಟ ಮಾತು ಉಳಿಸಿಕೊಳ್ಳುವ ಚರ್ಮದ ಉತ್ಪನ್ನಗಳು

2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಟ್ರಕ್ ಚಾಲಕರೊಬ್ಬರ ಭಾವಚಿತ್ರ ಅಚ್ಚಾಯಿತು. ಅವರ ಬಲಗೆನ್ನೆ ಆ ವಯಸ್ಸಿನ ಯಾರ ಕೆನ್ನೆಯೂ ಇರಬಹುದಾದಂತೆಯೇ ಇತ್ತು. ಎಡಗೆನ್ನೆ ಮಾತ್ರ ದಪ್ಪಗಾಗಿ, ಜೋತುಬಿದ್ದು, ಆಳವಾದ ಗೆರೆಗಳಿಂದ ತುಂಬಿಹೋಗಿತ್ತು. ಇಬ್ಬರು ಬೇರೆ ಬೇರೆ ವ್ಯಕ್ತಿಗಳ ಅರ್ಧರ್ಧ ಮುಖವನ್ನು ಮೂಗಿನ ನೇರಕ್ಕೆ ಜೋಡಿಸಿದಂತೆ ಕಾಣುತ್ತಿತ್ತು. ಅವರು 28 ವರ್ಷ ಟ್ರಕ್ ಓಡಿಸಿದ್ದರು, ಅಷ್ಟೂ ವರ್ಷ ಪಕ್ಕದ ಕಿಟಕಿಯ ಗಾಜಿನೊಳಗಿಂದ ಬಿಸಿಲು ಆ ಒಂದೇ ಕೆನ್ನೆಯ ಮೇಲೆ ಬಿದ್ದಿತ್ತು. ಚರ್ಮವನ್ನು ಸುಟ್ಟು ಕೆಂಪಗಾಗಿಸುವ ಯುವಿಬಿ ಎಂಬ ನೇರಳಾತೀತ ಕಿರಣವನ್ನು ಕಿಟಕಿಯ ಗಾಜು ಬಹುಪಾಲು ತಡೆಯುತ್ತದೆ. ಆದರೆ ಸುಡದೆ, ನೋಯಿಸದೆ, ಚರ್ಮದ ಆಳಕ್ಕಿಳಿದು ಅದರ ಹಂದರವನ್ನೇ ಸಡಿಲಿಸುವ ಯುವಿಎ ಕಿರಣವನ್ನು ಅದು ಒಳಗೆ ಬಿಡುತ್ತದೆ. ನಮ್ಮ ದೇಶದಲ್ಲಿ ಚಾಲಕರು ಬಲಗಡೆ ಕೂರುವುದರಿಂದ ಇದೇ ಹಾನಿ ಬಲಗೆನ್ನೆಗೂ ಕಿಟಕಿಯ ಮೇಲಿಟ್ಟ ಬಲಗೈಗೂ ಆಗುತ್ತದೆ.

ಈ ಚಿತ್ರ ನಮಗೆ ಮುಖ್ಯವಾಗುವುದು ಅದು ಕಲಿಸುವ ವಿಧಾನದಿಂದ. ಎರಡು ಕೆನ್ನೆಗಳಿಗೂ ಅನುವಂಶಿಕತೆ ಒಂದೇ, ಊಟ ಒಂದೇ, ನಿದ್ದೆ ಒಂದೇ, ತೊಳೆದ ಸಾಬೂನೂ ಒಂದೇ. ಬೇರೆಯಾಗಿದ್ದದ್ದು ಬಿಸಿಲು ಮಾತ್ರ. ಆದ್ದರಿಂದ ಎರಡರ ನಡುವಿನ ವ್ಯತ್ಯಾಸಕ್ಕೆ ಬಿಸಿಲೇ ಕಾರಣವೆಂದು ಹಿಂಜರಿಯದೆ ಹೇಳಬಹುದು. ಅಂಗಡಿಯಲ್ಲಿ ಸಾಲಾಗಿ ನಿಂತ ಪ್ರತಿಯೊಂದು ಕ್ರೀಮಿಗೂ ಸೀರಮ್ಮಿಗೂ ನಾವು ಕೇಳಬೇಕಾದ ಪ್ರಶ್ನೆಯೂ ಇದೇ: ಹಚ್ಚಿದ ಬದಿಗೂ ಹಚ್ಚದ ಬದಿಗೂ ಏನು ವ್ಯತ್ಯಾಸವಾಯಿತು? ಇನ್ನೂ ಸರಿಯಾಗಿ ಕೇಳಬೇಕೆಂದರೆ, ಒಂದು ಬದಿಗೆ ಮುಖ್ಯ ಘಟಕವಿರುವ ಕ್ರೀಮನ್ನೂ ಇನ್ನೊಂದು ಬದಿಗೆ ಆ ಘಟಕವನ್ನು ಬಿಟ್ಟು ಉಳಿದೆಲ್ಲ ಇರುವ ಬರೀ ಕ್ರೀಮನ್ನೂ ಹಚ್ಚಿ, ಯಾವ ಬದಿಗೆ ಯಾವುದು ಎಂಬುದು ಹಚ್ಚಿಕೊಂಡವರಿಗೂ ನೋಡಿದ ವೈದ್ಯರಿಗೂ ತಿಳಿಯದಂತೆ ಇಟ್ಟಾಗ ಏನಾಯಿತು? ಬರೀ ಕ್ರೀಮಿನ ಎಣ್ಣೆ ಮತ್ತು ನೀರಿನಂಶಗಳೇ ಒಣಚರ್ಮವನ್ನು ನಯಗೊಳಿಸುವುದರಿಂದ, ಹೀಗೆ ಹೋಲಿಸದಿದ್ದರೆ ಅವು ಮಾಡಿದ ಕೆಲಸದ ಕೀರ್ತಿ ಹೆಸರಾಂತ ಘಟಕಕ್ಕೆ ಸಂದುಬಿಡುತ್ತದೆ.

ಜಾಹೀರಾತುಗಳಲ್ಲಿ ಬರುವ ಸಾಕ್ಷ್ಯ ಸಾಮಾನ್ಯವಾಗಿ ಈ ಬಗೆಯದಲ್ಲ. ‘ನಾಲ್ಕು ವಾರಗಳಲ್ಲಿ ಹತ್ತರಲ್ಲಿ ಒಂಬತ್ತು ಮಹಿಳೆಯರು ಒಪ್ಪಿದರು’ ಎಂಬುದು ಅಭಿಪ್ರಾಯ ಸಂಗ್ರಹವೇ ಹೊರತು ಅಳತೆಯಲ್ಲ. ‘ಚರ್ಮತಜ್ಞರಿಂದ ಪರೀಕ್ಷಿತ’ ಎಂಬ ಮಾತು ಪರೀಕ್ಷೆ ನಡೆಯಿತು ಎನ್ನುತ್ತದೆ, ಫಲಿತಾಂಶ ಏನೆಂದು ಹೇಳುವುದಿಲ್ಲ. ಬಹುಪಾಲು ಆ ಪರೀಕ್ಷೆ ತುರಿಕೆ ಬರುತ್ತದೆಯೇ ಇಲ್ಲವೇ ಎಂಬುದಷ್ಟನ್ನೇ ನೋಡಿರುತ್ತದೆ. ಸುಕ್ಕು ‘ಕಡಿಮೆಯಾಗುತ್ತದೆ’ ಎನ್ನದೆ ಸುಕ್ಕು ‘ಕಾಣುವುದು ಕಡಿಮೆಯಾಗುತ್ತದೆ’ ಎಂದು ಬರೆಯುವುದಕ್ಕೂ ಕಾರಣವಿದೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಸೌಂದರ್ಯವರ್ಧಕ ಎಂದರೆ ಶುಚಿಗೊಳಿಸಲು, ಅಂದಗೊಳಿಸಲು, ತೋರಿಕೆಯನ್ನು ಬದಲಿಸಲು ಮೈಗೆ ಹಚ್ಚುವ ವಸ್ತು. ದೇಹದ ರಚನೆಯನ್ನೋ ಕಾರ್ಯವನ್ನೋ ಬದಲಿಸುತ್ತೇನೆ ಎಂದು ಹೇಳಿಕೊಂಡ ವಸ್ತು ಔಷಧದ ಸಾಲಿಗೆ ಸೇರಿ, ಔಷಧಕ್ಕೆ ಬೇಕಾದ ಪುರಾವೆಯನ್ನು ಒದಗಿಸಬೇಕಾಗುತ್ತದೆ. ಹೀಗಾಗಿ ನಿಜವಾಗಿ ಕೆಲಸ ಮಾಡುವ ಉತ್ಪನ್ನವೂ ಏನೂ ಮಾಡದ ಉತ್ಪನ್ನವೂ ಒಂದೇ ನುಡಿಗಟ್ಟಿನಲ್ಲಿ ಮಾತಾಡುತ್ತವೆ, ಮತ್ತು ಅವೆರಡನ್ನು ಬೇರ್ಪಡಿಸುವ ಹೊಣೆ ಕೊಳ್ಳುವವರ ಮೇಲೆ ಬೀಳುತ್ತದೆ.

ಒಳಗೆ ಬಿಡದಿರುವುದೇ ಚರ್ಮದ ಕೆಲಸ

ಕ್ರೀಮುಗಳ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು, ಚರ್ಮ ಇರುವುದೇ ಹೊರಗಿನದನ್ನು ಹೊರಗಿಡಲು ಎಂಬುದು. ಅದರ ಅತ್ಯಂತ ಮೇಲಿನ ಪದರ ಸತ್ತ ಜೀವಕೋಶಗಳ ಹದಿನೈದಿಪ್ಪತ್ತು ಸಾಲುಗಳಿಂದಾದದ್ದು. ಮುಖದ ಮೇಲೆ ಅದರ ಒಟ್ಟು ದಪ್ಪ ಒಂದು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಆ ಕೋಶಗಳು ಇಟ್ಟಿಗೆಗಳಾದರೆ ಅವುಗಳ ನಡುವಿನ ಸೆರಾಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳು ಗಾರೆಯಂತೆ ಕೂತಿರುತ್ತವೆ. ಈ ಗೋಡೆಯನ್ನು ದಾಟಬೇಕಾದ ಅಣು ಚಿಕ್ಕದಾಗಿರಬೇಕು. ಅಣುತೂಕ ಸುಮಾರು 500 ಡಾಲ್ಟನ್ ಮೀರಿದ ವಸ್ತುಗಳು ಸ್ವಸ್ಥ ಚರ್ಮವನ್ನು ದಾಟುವುದು ಬಹಳ ಕಷ್ಟ ಎಂಬ ನಿಯಮವನ್ನು ಡಚ್ ವಿಜ್ಞಾನಿಗಳು 2000ದಲ್ಲಿ ಮುಂದಿಟ್ಟರು, ಅದು ಇಂದಿಗೂ ಒಳ್ಳೆಯ ಅಳತೆಗೋಲಾಗಿದೆ.

ಈ ಒಂದು ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡರೆ ಎಷ್ಟೋ ಖರ್ಚು ಉಳಿಯುತ್ತದೆ. ಚರ್ಮದ ಬಿಗಿತನಕ್ಕೆ ಕಾರಣವಾದ ಕೊಲಾಜೆನ್ ಎಂಬ ಪ್ರೋಟೀನಿನ ಅಣುತೂಕ ಸುಮಾರು 3,00,000 ಡಾಲ್ಟನ್. ಅದನ್ನು ಬೆರೆಸಿದ ಕ್ರೀಮನ್ನು ಹಚ್ಚಿದರೆ ಕೊಲಾಜೆನ್ ಒಳಗಿನ ಕೊಲಾಜೆನ್‌ಗೆ ಸೇರಿಕೊಳ್ಳುತ್ತದೆ ಎಂದು ನಂಬುವುದು, ಮನೆಯ ಗೋಡೆಗೆ ಇಟ್ಟಿಗೆ ಎಸೆದರೆ ಗೋಡೆ ದಪ್ಪಗಾಗುತ್ತದೆ ಎಂದು ನಂಬಿದಂತೆ. ಅದು ಮೇಲೆಯೇ ನಿಂತು ಸ್ವಲ್ಪ ತೇವ ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ. ಇದಕ್ಕೆ ಹೋಲಿಸಿದರೆ ವಿಟಮಿನ್ ಎ ಕುಟುಂಬದ ರೆಟಿನೋಯಿಕ್ ಆಮ್ಲದ ತೂಕ 300, ವಿಟಮಿನ್ ಸಿಯದ್ದು 176, ಸ್ಯಾಲಿಸಿಲಿಕ್ ಆಮ್ಲದ್ದು 138, ನಯಾಸಿನಮೈಡಿನದ್ದು 122. ಮಾತು ಉಳಿಸಿಕೊಂಡ ಘಟಕಗಳ ಪಟ್ಟಿಯಲ್ಲಿ ಇವು ಮತ್ತೆ ಮತ್ತೆ ಬರುವುದು ಆಕಸ್ಮಿಕವಲ್ಲ.

ಒಳಗೆ ಹೋಗದೆಯೂ ಮಾತು ಉಳಿಸಿಕೊಳ್ಳುವ ವಸ್ತುಗಳಿವೆ. ಅವುಗಳಲ್ಲಿ ನನಗೆ ಅತ್ಯಂತ ಗೌರವವಿರುವುದು ಪೆಟ್ರೋಲಿಯಂ ಜೆಲ್ಲಿಯ ಮೇಲೆ. 1859ರಲ್ಲಿ ರಾಬರ್ಟ್ ಚೆಸ್‌ಬ್ರೊ ಎಂಬ ಯುವ ರಸಾಯನಶಾಸ್ತ್ರಜ್ಞ ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನ ಎಣ್ಣೆಬಾವಿಗಳಿಗೆ ಹೋದಾಗ, ಕೊಳವೆಗಳಿಗೆ ಮೆತ್ತಿಕೊಂಡು ಕಾಟ ಕೊಡುತ್ತಿದ್ದ ಮೇಣದಂತಹ ಜಿಡ್ಡನ್ನು ಕೆಲಸಗಾರರು ತಮ್ಮ ಗಾಯಗಳಿಗೂ ಸುಟ್ಟ ಕಲೆಗಳಿಗೂ ಹಚ್ಚಿಕೊಳ್ಳುವುದನ್ನು ಕಂಡ. ಅದನ್ನು ಶುದ್ಧಗೊಳಿಸುವ ಕ್ರಮಕ್ಕೆ 1872ರಲ್ಲಿ ಪೇಟೆಂಟ್ ಪಡೆದು ವ್ಯಾಸಲೀನ್ ಎಂಬ ಹೆಸರಿನಲ್ಲಿ ಮಾರಿದ. ಚರ್ಮದಿಂದ ಆವಿಯಾಗಿ ಹೋಗುವ ನೀರನ್ನು ತಡೆಯುವುದರಲ್ಲಿ ಇದಕ್ಕೆ ಸಮನಾದ ವಸ್ತು ಇಂದಿಗೂ ಸಿಕ್ಕಿಲ್ಲ. ಅದು ಸುವಾಸನೆಯ ಮಾತಾಡುವುದಿಲ್ಲ, ಯೌವನದ ಮಾತಾಡುವುದಿಲ್ಲ. ನೀರು ಹೋಗಲು ಬಿಡುವುದಿಲ್ಲ ಎಂಬ ಒಂದೇ ಮಾತನ್ನು ಕೊಟ್ಟು ನೂರೈವತ್ತು ವರ್ಷ ಉಳಿಸಿಕೊಂಡು ಬಂದಿದೆ. ಸ್ನಾನವಾದ ಮೂರು ನಾಲ್ಕು ನಿಮಿಷಗಳೊಳಗೆ, ಮೈ ಇನ್ನೂ ಹಸಿಯಾಗಿರುವಾಗಲೇ ತೆಳುವಾಗಿ ಹಚ್ಚಿಕೊಂಡರೆ ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಒಣಗಾಳಿಗೆ ಬಿರಿಯುವ ಕೈಕಾಲುಗಳಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಾಗುವುದಿಲ್ಲ. ಕರಾವಳಿಯ ಸೆಕೆಯಲ್ಲಿ ಅದೇ ಜಿಡ್ಡು ಅಸಹನೀಯವಾಗುವುದರಿಂದ ಅಲ್ಲಿ ನೀರನ್ನು ಹಿಡಿದಿಡುವ ಗ್ಲಿಸರಿನ್ ಇರುವ ಹಗುರ ಲೋಷನ್ ಸಾಕು. ಒಡೆದ ಹಿಮ್ಮಡಿಗೆ ಶೇಕಡ 10ರಿಂದ 20ರಷ್ಟು ಯೂರಿಯಾ ಇರುವ ಮುಲಾಮು, ಗಟ್ಟಿಯಾದ ಚರ್ಮವನ್ನು ಸಡಿಲಿಸುವುದನ್ನೂ ತೇವ ಹಿಡಿಯುವುದನ್ನೂ ಒಟ್ಟಿಗೆ ಮಾಡುತ್ತದೆ.

ಮನೆಯ ಕೊಬ್ಬರಿ ಎಣ್ಣೆಯನ್ನೂ ಇದೇ ನ್ಯಾಯದಿಂದ ನೋಡಬೇಕು. ಮುಂಬೈಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೊಳೆಯುವ ಮೊದಲು ಹಚ್ಚಿದ ಕೊಬ್ಬರಿ ಎಣ್ಣೆ ಕೂದಲಿನ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡಿತು. ಸೂರ್ಯಕಾಂತಿ ಎಣ್ಣೆಗೂ ಖನಿಜ ಎಣ್ಣೆಗೂ ಅದು ಸಾಧ್ಯವಾಗಲಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದೂ ನೇರವೂ ಆಗಿರುವುದರಿಂದ ಕೂದಲಿನೊಳಗೆ ಸೇರಬಲ್ಲದು ಎಂಬುದು ಅದರ ವಿವರಣೆ. ತಲೆಗೆ ಎಣ್ಣೆಯಿಟ್ಟು ಸೀಗೆಪುಡಿಯಲ್ಲಿ ತೊಳೆಯುವ ಅಭ್ಯಾಸಕ್ಕೆ ಇದು ಒಳ್ಳೆಯ ಬೆಂಬಲ. ಆದರೆ ಅದೇ ಎಣ್ಣೆಯನ್ನು ಮೊಡವೆ ಏಳುವ ಮುಖಕ್ಕೆ ಹಚ್ಚಿದರೆ ರಂಧ್ರಗಳು ಕಟ್ಟಿಕೊಂಡು ಮೊಡವೆ ಹೆಚ್ಚುವ ಸಂಭವವೇ ಜಾಸ್ತಿ. ನಿಂಬೆರಸವನ್ನು ನೇರವಾಗಿ ಮುಖಕ್ಕೆ ಹಚ್ಚುವುದನ್ನಂತೂ ಬಿಟ್ಟೇಬಿಡಬೇಕು. ಅದರ ತೀವ್ರ ಆಮ್ಲದಿಂದ ಚರ್ಮ ಉರಿಯುತ್ತದೆ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆಗಳೂ ಬೀಳುತ್ತವೆ.

ಬಿಸಿಲಿಗೆ ಅಡ್ಡ ನಿಲ್ಲುವ ವಸ್ತು

ವಯಸ್ಸನ್ನು ತಡೆಯುತ್ತೇನೆ ಎನ್ನುವ ಉತ್ಪನ್ನಗಳಲ್ಲಿ ಅತ್ಯಂತ ಗಟ್ಟಿಯಾದ ಪುರಾವೆ ಇರುವುದು ಸನ್‌ಸ್ಕ್ರೀನಿಗೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ನ್ಯಾಂಬೋರ್ ಎಂಬ ಸಣ್ಣ ಊರಿನಲ್ಲಿ 1992ರಿಂದ 1996ರವರೆಗೆ 1,600ಕ್ಕೂ ಹೆಚ್ಚು ನಿವಾಸಿಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಿ, ಒಂದು ಗುಂಪಿಗೆ ಪ್ರತಿದಿನ ತಪ್ಪದೆ ಸನ್‌ಸ್ಕ್ರೀನ್ ಹಚ್ಚಲು ಹೇಳಲಾಯಿತು, ಇನ್ನೊಂದು ಗುಂಪಿಗೆ ಅವರವರ ಇಷ್ಟಕ್ಕೆ ಬಿಡಲಾಯಿತು. ಅವರಲ್ಲಿ 55 ವರ್ಷದೊಳಗಿನ 903 ಜನರ ಕೈ ಹಿಂಭಾಗದ ಚರ್ಮದ ಅಚ್ಚು ತೆಗೆದು ಗೆರೆಗಳನ್ನು ಅಳೆದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ದಿನವೂ ಹಚ್ಚಿದವರ ಚರ್ಮದಲ್ಲಿ ನಾಲ್ಕೂವರೆ ವರ್ಷಗಳಲ್ಲಿ ವಯಸ್ಸಿನ ಗುರುತು ಹೆಚ್ಚಾದದ್ದು ಕಾಣಿಸಲೇ ಇಲ್ಲ. ಇನ್ನೊಂದು ಗುಂಪಿಗಿಂತ ಅವರ ಚರ್ಮ ಶೇಕಡ 24ರಷ್ಟು ಕಡಿಮೆ ಮುಪ್ಪಾಗಿತ್ತು. ಆ ಸನ್‌ಸ್ಕ್ರೀನ್ ಇಂದಿನ ಲೆಕ್ಕದಲ್ಲಿ ಬಹಳ ಸಾಮಾನ್ಯವಾದದ್ದು, ಅದರ ಎಸ್‌ಪಿಎಫ್, ಅಂದರೆ ಸುಡುವ ಬಿಸಿಲನ್ನು ತಡೆಯುವ ಶಕ್ತಿಯ ಅಳತೆ, ಬರೀ 15ರ ಆಸುಪಾಸಿನದು. ಬೆಲೆಬಾಳುವ ‘ಆ್ಯಂಟಿ ಏಜಿಂಗ್’ ಕ್ರೀಮುಗಳಲ್ಲಿ ಇಂತಹ ಪರೀಕ್ಷೆಯನ್ನು ಎದುರಿಸಿದ ಒಂದನ್ನೂ ನಾನು ಕಂಡಿಲ್ಲ.

ಆದರೂ ಸನ್‌ಸ್ಕ್ರೀನಿನಿಂದ ಏನೂ ಆಗಲಿಲ್ಲ ಎನ್ನುವವರು ನಮ್ಮಲ್ಲಿ ಅನೇಕರಿದ್ದಾರೆ, ಮತ್ತು ಅವರು ಸುಳ್ಳು ಹೇಳುತ್ತಿಲ್ಲ. ಡಬ್ಬದ ಮೇಲಿನ ಎಸ್‌ಪಿಎಫ್ ಸಂಖ್ಯೆ ಪ್ರಯೋಗಾಲಯದಲ್ಲಿ ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ ಅಳೆದದ್ದು. ಜನ ಸಾಮಾನ್ಯವಾಗಿ ಅದರ ಅರ್ಧವನ್ನೋ ಕಾಲುಭಾಗವನ್ನೋ ಹಚ್ಚುತ್ತಾರೆ; ಆಗ 50ರ ರಕ್ಷಣೆ ಸಿಗುವುದಿಲ್ಲ, ಅದರ ಎಷ್ಟೋ ಕೆಳಗಿನದು ಸಿಗುತ್ತದೆ. ಮುಖಕ್ಕೂ ಕುತ್ತಿಗೆಗೂ ಸೇರಿ ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಎಳೆದಷ್ಟು ಬೇಕು. ಹೊರಗೆ ಕೆಲಸ ಮಾಡುವವರು, ಬೆವರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಎಸ್‌ಪಿಎಫ್ 15 ಯುವಿಬಿಯ ಶೇಕಡ 93ನ್ನೂ, 30 ಶೇಕಡ 97ನ್ನೂ, 50 ಶೇಕಡ 98ನ್ನೂ ತಡೆಯುವುದರಿಂದ, 50ರಿಂದ 100ಕ್ಕೆ ಏರಲು ಹಣ ಕೊಡುವುದಕ್ಕಿಂತ 30ರದ್ದನ್ನೇ ಧಾರಾಳವಾಗಿ ಹಚ್ಚುವುದು ಮೇಲು. ಎಸ್‌ಪಿಎಫ್ ಯುವಿಬಿಯ ಅಳತೆ ಮಾತ್ರ. ಆ ಟ್ರಕ್ ಚಾಲಕರ ಕೆನ್ನೆಯನ್ನು ಕೆಡಿಸಿದ ಯುವಿಎಯಿಂದ ರಕ್ಷಣೆ ಎಷ್ಟೆಂಬುದನ್ನು ‘ಪಿಎ’ ಅಕ್ಷರಗಳ ಮುಂದಿನ ಕೂಡು ಚಿಹ್ನೆಗಳು ಹೇಳುತ್ತವೆ. ಮೂರು ನಾಲ್ಕು ಚಿಹ್ನೆಗಳಿರುವುದನ್ನು ಆರಿಸಿಕೊಳ್ಳಬೇಕು.

ಕಂದುಬಣ್ಣದ ಚರ್ಮದವರಿಗೆ ಇದೆಲ್ಲ ಬೇಕೇ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಬೇಕು. ಬಿಳಿಯ ಚರ್ಮದವರಿಗೆ ಹೋಲಿಸಿದರೆ ನಮಗೆ ಚರ್ಮದ ಕ್ಯಾನ್ಸರಿನ ಅಪಾಯ ಬಹಳ ಕಡಿಮೆ, ಸುಕ್ಕು ತಡವಾಗಿ ಬರುತ್ತದೆ. ಇದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ನಮಗೆ ಕೊಟ್ಟ ರಕ್ಷಣೆ. ನಮ್ಮಲ್ಲಿ ಬಿಸಿಲಿನ ಹಾನಿ ಬೇರೆ ರೂಪದಲ್ಲಿ ಬರುತ್ತದೆ: ಹೆರಿಗೆಯ ನಂತರ ಕೆನ್ನೆಯ ಮೇಲೆ ಹರಡುವ ಬಂಗು, ಮೊಡವೆ ಮಾಗಿದ ಮೇಲೂ ಉಳಿಯುವ ಕಪ್ಪು ಕಲೆ, ಒಂದೆಡೆ ತಿಳಿ ಒಂದೆಡೆ ಗಾಢವಾಗುವ ಮೈಬಣ್ಣ. ಬಂಗಿನ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ನೇರಳಾತೀತ ಕಿರಣಗಳಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕು ಕೂಡ ಕಂದುಬಣ್ಣದ ಚರ್ಮವನ್ನು ಕಪ್ಪಾಗಿಸುತ್ತದೆ. ಸಾಮಾನ್ಯ ಸನ್‌ಸ್ಕ್ರೀನ್ ಪಾರದರ್ಶಕವಾಗಿರುವುದರಿಂದ ಆ ಬೆಳಕನ್ನು ತಡೆಯಲಾರದು. ಐರನ್ ಆಕ್ಸೈಡ್ ಬೆರೆಸಿ ಮೈಬಣ್ಣಕ್ಕೆ ಹೊಂದುವಂತೆ ಮಾಡಿದ ಬಣ್ಣದ ಸನ್‌ಸ್ಕ್ರೀನುಗಳು ತಡೆಯುತ್ತವೆ, ಮತ್ತು ಬಂಗಿರುವವರಲ್ಲಿ ಅವು ಬಣ್ಣವಿಲ್ಲದವುಗಳಿಗಿಂತ ಉತ್ತಮ ಫಲ ಕೊಟ್ಟಿವೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ತಂಪಾಗಿದೆಯೆಂದು ಬಿಸಿಲನ್ನು ಮರೆಯುವವರು, ಅದರಲ್ಲೂ ಗಂಟೆಗಟ್ಟಲೆ ಸ್ಕೂಟರ್ ಮೇಲಿರುವವರು, ಇದನ್ನು ಗಮನಿಸಬೇಕು: ತಂಪು ಗಾಳಿಗೂ ನೇರಳಾತೀತ ಕಿರಣಕ್ಕೂ ಸಂಬಂಧವಿಲ್ಲ. ದುಪಟ್ಟಾ, ಉದ್ದ ತೋಳು, ಅಗಲ ಅಂಚಿನ ಟೋಪಿ ಇವುಗಳನ್ನು ಸನ್‌ಸ್ಕ್ರೀನಿಗಿಂತ ಕಡಿಮೆಯೆಂದು ತಿಳಿಯಬೇಕಾಗಿಲ್ಲ. ದಟ್ಟ ನೇಯ್ಗೆಯ ಬಟ್ಟೆ ಬೆವರಿಗೆ ಕರಗಿಹೋಗುವುದಿಲ್ಲ.

ಸುಕ್ಕಿಗೆ ನಿಜವಾದ ಔಷಧ

ಆಗಿಹೋದ ಹಾನಿಯನ್ನು ಸ್ವಲ್ಪಮಟ್ಟಿಗಾದರೂ ಹಿಂದಿರುಗಿಸುತ್ತದೆ ಎಂದು ಖಚಿತವಾಗಿ ಹೇಳಬಹುದಾದ ವಸ್ತು ವಿಟಮಿನ್ ಎ ಕುಟುಂಬದ್ದು. ಅದರ ಕಥೆ ಮೊಡವೆಯಿಂದ ಆರಂಭವಾಗುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ 1960ರ ದಶಕದಲ್ಲಿ ಟ್ರೆಟಿನೋಯಿನ್, ಅಂದರೆ ರೆಟಿನೋಯಿಕ್ ಆಮ್ಲವನ್ನು ಮೊಡವೆಗೆ ಬಳಸಿ ಯಶಸ್ವಿಯಾದರು. 1971ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದನ್ನು ಬಳಸಿದ ವಯಸ್ಕ ಮಹಿಳೆಯರು ತಮ್ಮ ಚರ್ಮ ನಯವಾಯಿತು, ಗೆರೆಗಳು ತಗ್ಗಿದವು ಎಂದು ಹೇಳತೊಡಗಿದರು. ಇದೇ ಕ್ಲಿಗ್‌ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ ವರ್ಷಗಟ್ಟಲೆ ನಡೆಸಿದ ಪ್ರಯೋಗಗಳು ವೈದ್ಯಕೀಯ ನೀತಿಯ ಚರಿತ್ರೆಯಲ್ಲಿ ಕಳಂಕವಾಗಿ ಉಳಿದಿವೆ. ಔಷಧದ ಗುಣವನ್ನು ಹೇಳುವಾಗ ಅದನ್ನು ಮುಚ್ಚಿಡುವುದು ನ್ಯಾಯವಲ್ಲ.

ಮಹಿಳೆಯರು ಹೇಳಿದ್ದು ನಿಜವೇ ಎಂಬುದನ್ನು ತೀರ್ಮಾನಿಸಿದ್ದು ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು 1988ರಲ್ಲಿ ಪ್ರಕಟಿಸಿದ ಪರೀಕ್ಷೆ. 30 ಜನ 16 ವಾರಗಳ ಕಾಲ ಒಂದು ಮುಂಗೈಗೆ ಶೇಕಡ 0.1 ಟ್ರೆಟಿನೋಯಿನ್ ಇರುವ ಕ್ರೀಮನ್ನೂ ಇನ್ನೊಂದು ಮುಂಗೈಗೆ ಬರೀ ಕ್ರೀಮನ್ನೂ ಹಚ್ಚಿದರು. ಮೂವತ್ತೂ ಜನರಲ್ಲಿ ಔಷಧ ಹಚ್ಚಿದ ಕೈ ಸುಧಾರಿಸಿತು, ಬರೀ ಕ್ರೀಮಿನ ಕೈ ಸುಧಾರಿಸಲಿಲ್ಲ. ಟ್ರಕ್ ಚಾಲಕರ ಮುಖದ ಮೇಲೆ ಬಿಸಿಲು ನಡೆಸಿದ ಪ್ರಯೋಗವೇ ಇಲ್ಲಿ ವಿರುದ್ಧ ದಿಕ್ಕಿನಲ್ಲಿ ನಡೆದಿತ್ತು. 1995ರಲ್ಲಿ ಬಿಸಿಲಿನಿಂದಾದ ಸಣ್ಣ ಸುಕ್ಕುಗಳಿಗೆ ಔಷಧವಾಗಿ ಟ್ರೆಟಿನೋಯಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಜೀವಕೋಶದ ಕೇಂದ್ರದವರೆಗೆ ಹೋಗಿ, ಅಲ್ಲಿ ಸೂಚನೆಗಳನ್ನು ಸ್ವೀಕರಿಸುವ ಗ್ರಾಹಕಗಳಿಗೆ ಅಂಟಿಕೊಂಡು, ಹೊಸ ಕೊಲಾಜೆನ್ ತಯಾರಿಸುವ ವಂಶವಾಹಿಗಳನ್ನು ಚುರುಕುಗೊಳಿಸಿ, ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ತಗ್ಗಿಸುತ್ತದೆ. ಹೊರಗಿನಿಂದ ಹಚ್ಚಿದ ಕೊಲಾಜೆನ್ ಒಳಗೆ ಹೋಗಲಾರದು. ಆದರೆ ಒಳಗೆ ಕೊಲಾಜೆನ್ ತಯಾರಿಸಿ ಎಂಬ ಸೂಚನೆಯನ್ನು ಹೊತ್ತ ಚಿಕ್ಕ ಅಣು ಹೋಗಬಲ್ಲದು.

ನಮ್ಮ ದೇಶದಲ್ಲಿ ಟ್ರೆಟಿನೋಯಿನ್ ವೈದ್ಯರ ಚೀಟಿ ಬೇಕಾದ ಔಷಧ. ಚೀಟಿಯಿಲ್ಲದೆ ಸಿಗುವ ಸೀರಮ್‌ಗಳಲ್ಲಿ ಇರುವುದು ರೆಟಿನಾಲ್. ಅದು ಚರ್ಮದಲ್ಲಿ ಮೊದಲು ರೆಟಿನಾಲ್ಡಿಹೈಡ್ ಆಗಿ ಆಮೇಲೆ ರೆಟಿನೋಯಿಕ್ ಆಮ್ಲವಾಗಿ ಮಾರ್ಪಡಬೇಕಾದ್ದರಿಂದ ಕೆಲಸ ನಿಧಾನ, ಉರಿ ಕಡಿಮೆ. ಮಿಷಿಗನ್‌ನವರೇ 2007ರಲ್ಲಿ, ಸರಾಸರಿ 87 ವರ್ಷದ 36 ಹಿರಿಯರ ಒಂದು ತೋಳಿಗೆ ಶೇಕಡ 0.4 ರೆಟಿನಾಲ್, ಇನ್ನೊಂದಕ್ಕೆ ಬರೀ ಲೋಷನ್ ಹಚ್ಚಿ 24 ವಾರ ನೋಡಿದರು. ರೆಟಿನಾಲ್ ಹಚ್ಚಿದ ತೋಳಿನ ಸಣ್ಣ ಸುಕ್ಕುಗಳು ಸ್ಪಷ್ಟವಾಗಿ ತಗ್ಗಿದವು. ಎಂಬತ್ತೇಳನೆಯ ವಯಸ್ಸಿನಲ್ಲಿಯೂ ಚರ್ಮ ಸ್ಪಂದಿಸುತ್ತದೆ ಎಂಬುದನ್ನು ಓದಿದಾಗ ನನಗೆ ನಿಜವಾದ ಸಂತೋಷವಾಗಿತ್ತು. ಆದರೆ ಮೊದಲ ವಾರಗಳಲ್ಲಿ ಚರ್ಮ ಕೆಂಪಾಗುವುದು, ಸಿಪ್ಪೆ ಏಳುವುದು ಸಹಜ ಎಂಬುದು ತಿಳಿದಿರಬೇಕು. ರಾತ್ರಿ ಮಾತ್ರ, ಇಡೀ ಮುಖಕ್ಕೆ ಒಂದು ಬಟಾಣಿ ಗಾತ್ರದಷ್ಟು, ಮೊದಮೊದಲು ವಾರಕ್ಕೆ ಎರಡು ಮೂರು ಸಲ, ಮೇಲೆ ಮಾಯಿಶ್ಚರೈಸರ್, ಬೆಳಗ್ಗೆ ತಪ್ಪದೆ ಸನ್‌ಸ್ಕ್ರೀನ್. ಹೀಗೆ ಬಳಸಿದವರು ಅದನ್ನು ಮುಂದುವರಿಸುತ್ತಾರೆ, ಆತುರಪಟ್ಟವರು ಎರಡನೆಯ ವಾರಕ್ಕೇ ಬಿಟ್ಟುಬಿಡುತ್ತಾರೆ. ಗರ್ಭಿಣಿಯರೂ ಗರ್ಭಧಾರಣೆಗೆ ಸಿದ್ಧರಾಗುತ್ತಿರುವವರೂ ಈ ಕುಟುಂಬದ ಯಾವ ವಸ್ತುವನ್ನೂ ಬಳಸಬಾರದು.

ಉಳಿದ ಕೆಲವನ್ನು ಬೇಗ ಹೇಳಿ ಮುಗಿಸಬಹುದು. ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ ಮಾತು ಉಳಿಸಿಕೊಳ್ಳುತ್ತದೆ. ಶೇಕಡ 2.5ರದ್ದು 10ರದ್ದಕ್ಕೆ ಸರಿಸಮವಾಗಿ ಕೆಲಸ ಮಾಡಿ ಕಡಿಮೆ ಉರಿಸುತ್ತದೆ. ದಿಂಬಿನ ಬಟ್ಟೆಯ ಬಣ್ಣ ಹೋಗುತ್ತದೆ ಎಂಬುದಷ್ಟು ಎಚ್ಚರವಿರಲಿ. ಜಿಡ್ಡಿನಲ್ಲಿ ಕರಗುವ ಸ್ಯಾಲಿಸಿಲಿಕ್ ಆಮ್ಲ ರಂಧ್ರಗಳೊಳಗೆ ಇಳಿದು ಕಪ್ಪು ಚುಕ್ಕೆಗಳನ್ನು ಸಡಿಲಿಸುತ್ತದೆ. ಶೇಕಡ 4–5ರ ನಯಾಸಿನಮೈಡ್ ಕಲೆಗಳನ್ನು ಸಾಧಾರಣವಾಗಿ ತಿಳಿಗೊಳಿಸುತ್ತದೆ, ಸಹಿಸುವುದು ಸುಲಭ, ಬೆಲೆಯೂ ಕಡಿಮೆ. ವಿಟಮಿನ್ ಸಿ ಪ್ರಯೋಗಾಲಯದಲ್ಲಿ ಬಹಳ ಭರವಸೆ ಹುಟ್ಟಿಸಿದರೂ ಸೀಸೆಯಲ್ಲಿ ಅಷ್ಟೇ ಬೇಗ ಕೆಡುತ್ತದೆ. ಶುದ್ಧ ಆಸ್ಕಾರ್ಬಿಕ್ ಆಮ್ಲ ಚರ್ಮದೊಳಗೆ ಹೋಗಬೇಕಾದರೆ ದ್ರಾವಣದ ಪಿಎಚ್ 3.5ಕ್ಕಿಂತ ಕಡಿಮೆ ಇರಬೇಕು ಎಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2001ರಲ್ಲಿ ತೋರಿಸಿದರು. ಕಂದು ಬಣ್ಣಕ್ಕೆ ತಿರುಗಿದ ಸೀರಮ್ ಎಷ್ಟೇ ದುಬಾರಿಯದಾದರೂ ಅದರ ಕೆಲಸ ಮುಗಿದಂತೆ. ರಂಧ್ರಗಳನ್ನು ಮುಚ್ಚುವ, ಕಣ್ಣಿನ ಕೆಳಗಿನ ಗುಳಿಯನ್ನು ತುಂಬುವ, ಹೊಟ್ಟೆಯ ಮೇಲಿನ ಬಿರುಕುಗಳನ್ನು ಅಳಿಸುವ ಕ್ರೀಮು ಇಲ್ಲ.

ಬೇಗ ಫಲ ಕೊಡುವ ಕ್ರೀಮು

ಈಗ ಬಿಳುಪಿನ ವಿಷಯ. ಇದರಲ್ಲಿ ನನಗೆ ತಾಳ್ಮೆ ಕಡಿಮೆ. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ಹೆಸರು ಬದಲಿಸಿಕೊಂಡಿತು, ‘ಬಿಳುಪು’ ಎಂಬ ಮಾತಿನ ಜಾಗಕ್ಕೆ ‘ಹೊಳಪು’ ಬಂತು. ಹುಟ್ಟಿನಿಂದ ಬಂದ ಮೈಬಣ್ಣವನ್ನು ಸುರಕ್ಷಿತವಾಗಿ, ಶಾಶ್ವತವಾಗಿ ಬದಲಿಸುವ ಕ್ರೀಮು ಇಲ್ಲ. ಬಿಸಿಲಿನಿಂದ ಬಂದ ಕಪ್ಪನ್ನು, ಕಲೆಯನ್ನು ತಗ್ಗಿಸಬಹುದು, ಅಲ್ಲಿಗೆ ಮುಗಿಯಿತು. ಆದ್ದರಿಂದ ಎರಡೇ ವಾರದಲ್ಲಿ ಮುಖ ಬೆಳ್ಳಗಾಯಿತು ಎಂದರೆ ಸಂತೋಷಪಡುವ ಬದಲು ಟ್ಯೂಬಿನ ಹಿಂಭಾಗವನ್ನು ಓದಬೇಕು.

ಅಲ್ಲಿ ಮೊಮೆಟಾಸೋನ್, ಕ್ಲೊಬೆಟಾಸಾಲ್, ಬೀಟಾಮೆಥಾಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್. 1975ರಲ್ಲಿ ಮೇಲೆ ಹೇಳಿದ ಕ್ಲಿಗ್‌ಮನ್ ಅವರೇ ಬಂಗಿನಂತಹ ಕಲೆಗಳಿಗಾಗಿ ಬಣ್ಣ ತಿಳಿಗೊಳಿಸುವ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್ ಮತ್ತು ಸ್ಟೀರಾಯ್ಡ್ ಮೂರನ್ನೂ ಸೇರಿಸಿದ ಸೂತ್ರವೊಂದನ್ನು ಪ್ರಕಟಿಸಿದರು. ವೈದ್ಯರ ಕಣ್ಣಳತೆಯಲ್ಲಿ ಕೆಲವು ವಾರ ಬಳಸಿ ನಿಲ್ಲಿಸಬೇಕಾದ ಆ ಬಗೆಯ ಮಿಶ್ರಣಗಳು ನಮ್ಮ ದೇಶದ ಔಷಧ ಅಂಗಡಿಗಳಲ್ಲಿ ಚೀಟಿಯಿಲ್ಲದೆ, ಅಕ್ಕಪಕ್ಕದವರ ಸಲಹೆಯ ಮೇಲೆ, ಮುಖ ಬೆಳ್ಳಗಾಗಿಸುವ ಕ್ರೀಮಾಗಿ ವರ್ಷಗಟ್ಟಲೆ ಮಾರಾಟವಾದವು. ಸ್ಟೀರಾಯ್ಡ್ ರಕ್ತನಾಳಗಳನ್ನು ಕುಗ್ಗಿಸಿ ಮೊದಲ ವಾರಗಳಲ್ಲಿ ಮುಖವನ್ನು ತಿಳಿಯಾಗಿಸುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ನರನರವಾಗಿ ಕಾಣುತ್ತದೆ, ಮೊಡವೆ ಏಳುತ್ತದೆ, ಹೆಣ್ಣುಮಕ್ಕಳ ಕೆನ್ನೆಯ ಮೇಲೆ ಕೂದಲು ಬೆಳೆಯುತ್ತದೆ. ನಿಲ್ಲಿಸಿದರೆ ಮುಖ ಕೆಂಪೇರಿ ಬೆಂಕಿಯಂತೆ ಉರಿಯುವುದರಿಂದ ಮತ್ತೆ ಅದನ್ನೇ ಹಚ್ಚುತ್ತಾರೆ. ‘ಸ್ಟೀರಾಯ್ಡಿನಿಂದ ಹಾಳಾದ ಮುಖ’ ಎಂಬ ಅರ್ಥದ ರೋಗನಾಮವನ್ನು ವೈದ್ಯಶಾಸ್ತ್ರಕ್ಕೆ ಕೊಟ್ಟವರು ಭಾರತದ ಚರ್ಮವೈದ್ಯರು, ಏಕೆಂದರೆ ಅವರ ಮುಂದೆ ಅಷ್ಟು ಜನ ಬಂದು ಕೂತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಈಗಾಗಲೇ ಬಳಸುತ್ತಿರುವವರು ಒಮ್ಮೆಲೇ ನಿಲ್ಲಿಸದೆ ಚರ್ಮವೈದ್ಯರ ಬಳಿ ಹೋಗಬೇಕು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ತಪ್ಪು ಮಾರಿದವರದು.

ಹೆಸರು, ವಿಳಾಸ, ಘಟಕಗಳ ಪಟ್ಟಿ ಯಾವುದೂ ಇಲ್ಲದ ಡಬ್ಬಗಳಲ್ಲಿ ಇನ್ನೂ ಕೆಟ್ಟದ್ದು ಇರಬಹುದು: ಪಾದರಸ. ಮೆಲನಿನ್ ತಯಾರಾಗುವುದನ್ನು ಅದು ತಡೆಯುತ್ತದೆ, ಜೊತೆಗೆ ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರಿಂದ 2023ರ ನಡುವೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 15 ರೋಗಿಗಳನ್ನು ವಿಚಾರಿಸಿದಾಗ ಅವರಲ್ಲಿ 13 ಮಂದಿ ಬಿಳುಪಿನ ಕ್ರೀಮು ಬಳಸುತ್ತಿದ್ದದ್ದು ತಿಳಿಯಿತು. ನಮ್ಮ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿನಲ್ಲಿ ಪಾದರಸವನ್ನು ಬೆರೆಸುವಂತೆಯೇ ಇಲ್ಲ. ಅರಿವಿಲ್ಲದೆ ಸೇರಿದ್ದೂ ಹತ್ತು ಲಕ್ಷ ಭಾಗಕ್ಕೆ ಒಂದು ಭಾಗವನ್ನು ಮೀರಬಾರದು.

ಅದೇ ನಿಯಮಗಳಲ್ಲಿ ಕೊಳ್ಳುವವರಿಗೆ ಉಪಯೋಗವಾಗುವ ಇನ್ನೊಂದು ಅಂಶವಿದೆ. ಶೇಕಡ 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಅದಕ್ಕಿಂತ ಕಡಿಮೆ ಇರುವವನ್ನು ಆಮೇಲೆ ಯಾವ ಕ್ರಮದಲ್ಲಿ ಬೇಕಾದರೂ ಬರೆಯಬಹುದು. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಶೇಕಡ 1ಕ್ಕಿಂತ ಹೆಚ್ಚು ಬಳಸುವಂತಿಲ್ಲವಾದ್ದರಿಂದ, ಪಟ್ಟಿಯಲ್ಲಿ ಅದರ ನಂತರ ಬರುವ ಕೇಸರಿಯೋ ಮುತ್ತಿನ ಪುಡಿಯೋ ಹೆಚ್ಚೆಂದರೆ ನೂರರಲ್ಲಿ ಒಂದು ಪಾಲು ಎಂದು ಲೆಕ್ಕ ಹಾಕಬಹುದು. ರೆಟಿನಾಲ್ ಅಷ್ಟು ಕಡಿಮೆಯಲ್ಲಿಯೂ ಕೆಲಸ ಮಾಡುತ್ತದೆ. ನಯಾಸಿನಮೈಡ್ ಮಾಡುವುದಿಲ್ಲ, ಅದು ಪಟ್ಟಿಯ ಮೇಲ್ಭಾಗದಲ್ಲೇ ಇರಬೇಕು.

ಇಷ್ಟೆಲ್ಲ ನೋಡಿ ಕೊಂಡ ಮೇಲೂ ಅದು ನಮ್ಮ ಚರ್ಮಕ್ಕೆ ಒಗ್ಗುತ್ತದೆಯೇ ಎಂಬುದನ್ನು ಮನೆಯಲ್ಲೇ ನೋಡಬಹುದು. ಮೊದಲು ಒಂದು ವಾರ ಮೊಣಕೈಯ ಒಳಭಾಗಕ್ಕೆ ಹಚ್ಚಿ, ತುರಿಕೆ ಬರದಿದ್ದರೆ ಮುಖದ ಒಂದೇ ಬದಿಗೆ ಆರಂಭಿಸಿ. ಅದೇ ಕಿಟಕಿಯ ಪಕ್ಕ, ಅದೇ ಹೊತ್ತಿನಲ್ಲಿ, ಫೋನಿನ ಮೆರುಗು ಹೆಚ್ಚಿಸುವ ಸೌಲಭ್ಯವನ್ನು ಬಂದ್ ಮಾಡಿ, ಮೊದಲ ದಿನ ಒಂದು ಚಿತ್ರ, ಹನ್ನೆರಡು ವಾರವಾದ ಮೇಲೆ ಒಂದು ಚಿತ್ರ ತೆಗೆಯಿರಿ. ಮೇಲ್ಚರ್ಮ ಒಂದು ಸಲ ಹೊಸದಾಗಲು ಯೌವನದಲ್ಲೇ ಸುಮಾರು ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಅದಕ್ಕಿಂತ ಮೊದಲೇ ತೀರ್ಪು ಕೊಡಲಾಗುವುದಿಲ್ಲ. ಎರಡೂ ಬದಿ ಒಂದೇ ರೀತಿ ಕಂಡರೆ ಆ ಸೀಸೆಯನ್ನು ಮತ್ತೆ ಕೊಳ್ಳಬೇಕಾಗಿಲ್ಲ. ಸನ್‌ಸ್ಕ್ರೀನನ್ನು ಮಾತ್ರ ಹೀಗೆ ಪರೀಕ್ಷಿಸಬೇಡಿ, ಅದನ್ನು ಎರಡೂ ಬದಿಗೆ ಹಚ್ಚಿ. ಹಚ್ಚದಿದ್ದರೆ ಏನಾಗುತ್ತದೆ ಎಂಬುದನ್ನು ಆ ಚಾಲಕರ ಎಡಗೆನ್ನೆ ಆಗಲೇ ತೋರಿಸಿದೆ.